ಗೂಡುಗಾಡಿಯ ನಾಲ್ಕು ದೀಪ

ಆ ಬ್ಯಾಟರಿಯನ್ನು ನಾನು ತಲೆಯ ಮೇಲೆ ಹೊತ್ತುಕೊಂಡೇ ಬಂಗಾರಪೇಟೆಗೆ ಹೋಗುತ್ತಿದ್ದೆ. ಮೊದಲು ಸಿಂಬೆ, ಸಿಂಬೆಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಬ್ಯಾಟರಿ. ಎರಡು ಕೊಡ ನೀರು ಹೊತ್ತವಳಿಗೆ ಭಾರ ಹೊಸದಲ್ಲ. ಆದರೆ ಕೊಡದ ನೀರು ತುಳುಕಿದರೆ ಸೀರೆ ಒದ್ದೆಯಾಗುತ್ತದೆ. ಬ್ಯಾಟರಿಯ ಆಸಿಡ್ ತುಳುಕಿದರೆ ಅಲ್ಲಿ ಸೀರೆಯೇ ಇರುವುದಿಲ್ಲ. ಬೆನ್ನ ಮೇಲೆ ಹನಿ ಬಿದ್ದ ಕೂಡಲೇ ತಣ್ಣಗಿರುತ್ತದೆ, ಹತ್ತು ಹೆಜ್ಜೆ ನಡೆದ ಮೇಲೆ ಉರಿ ಶುರುವಾಗುತ್ತದೆ. ನನಗಿದ್ದ ಎರಡು ಸೀರೆಗಳಲ್ಲಿ ಒಂದು ಜರಡಿಯಾಗಿ ಹೋಗಿತ್ತು. ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ನನ್ನ ಜೊತೆ ಹಿಟ್ಟು ರುಬ್ಬುತ್ತಿದ್ದವಳು ನೋಡಿ ನಗುತ್ತಿದ್ದಳು.

"ಏನಮ್ಮೋ, ಮನೇಲಿ ಇಲಿ ಸಾಕಿದ್ದೀಯಾ?"

"ಊಂ ಕಣೆ, ಒಂದೇ ಇಲಿ. ಕೆಮ್ತಾ ಮಲಗೈತೆ" ಅನ್ನುತ್ತಿದ್ದೆ.

ಅದು ತಮಾಷೆಯಲ್ಲ. ನನ್ನ ಗಂಡ ಸಾಯುತ್ತಿದ್ದ. ಗಣಿಯ ಆಸ್ಪತ್ರೆಯ ಡಾಕ್ಟರು ಮಳೆಗಾಲ ದಾಟುವುದಿಲ್ಲ ಅಂತ ನನಗೇ ಹೇಳಿದ್ದರು. ಅವನನ್ನು ಉಳಿಸಿಕೊಳ್ಳಬೇಕು ಅನ್ನುವ ಆಸೆ ನನಗೆ ಅಷ್ಟು ಹೊತ್ತಿಗೆ ಇರಲಿಲ್ಲ. ಸಾಯುವ ತನಕ ಅವನು ಸೂರಿನ ಕೆಳಗೆ ಇರಬೇಕು, ಮರದ ಕೆಳಗೆ ಹೋಗಬಾರದು. ಅಷ್ಟೇ ನನಗೆ ಬೇಕಾಗಿದ್ದು. ಆ ಸೂರು ಉಳಿಯುವುದಕ್ಕೆ ಬ್ಯಾಟರಿ ಹೊರಬೇಕಾಗಿತ್ತು. ಹೇಗೆ ಅಂತ ಹೇಳುತ್ತೇನೆ.

ಗಂಡನನ್ನು 'ಅವನು' ಅಂತ ಬರೆಯುತ್ತಿದ್ದೇನೆ. ನಮ್ಮ ಕಡೆ ಹೆಂಗಸರು ಹಾಗೇ ಅನ್ನುವುದು. ಮರ್ಯಾದೆ ಬೇರೆ ಕಡೆ ಇರುತ್ತದೆ.

ಅವನು ಹನ್ನೆರಡು ವರ್ಷ ಚಿನ್ನದ ಗಣಿಯೊಳಗೆ ಕಲ್ಲು ಕೊರೆದ. ಎದೆಯಲ್ಲಿ ಕಲ್ಲುಪುಡಿ ಕೂತ ಮೇಲೆ ಇಳಿಯಲಾಗಲಿಲ್ಲ. ಮೇಲಿನ ಕೆಲಸ ಅಂತ ಲ್ಯಾಂಪ್ ರೂಮಿಗೆ ಹಾಕಿದರು. ಗಣಿಗೆ ಇಳಿಯುವವರು ತಲೆಗೆ ದೀಪ ಕಟ್ಟಿಕೊಳ್ಳುತ್ತಾರೆ, ಅದರ ಬ್ಯಾಟರಿ ಸೊಂಟದಲ್ಲಿ ಇರುತ್ತದೆ. ಮೇಲೆ ಬಂದವರು ದೀಪ ಕೊಟ್ಟು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು. ಆ ದೀಪಗಳನ್ನು ಸಾಲಾಗಿ ಚಾರ್ಜಿಗೆ ಇಟ್ಟು, ಮುಚ್ಚಳ ಬಿಚ್ಚಿ, ಒಳಗೆ ಕಡಿಮೆಯಾದ ನೀರು ತುಂಬುವುದು ನನ್ನ ಗಂಡನ ಕೆಲಸ. ಆ ನೀರನ್ನು ಅವರು ಚೌಳು ನೀರು ಅನ್ನುತ್ತಿದ್ದರು. ಅಗಸರ ಚೌಳುಮಣ್ಣಿನ ಹಾಗೆ ಕೈಗೆ ಜಾರುತ್ತದೆ, ಆಮೇಲೆ ಚರ್ಮ ತಿನ್ನುತ್ತದೆ. ಒಂಬತ್ತು ವರ್ಷ ಅದನ್ನು ಮಾಡಿದ. ಗಣಿಯೊಳಗೆ ಪ್ರಾಣ ಇಟ್ಟು ದುಡಿದದ್ದಕ್ಕಿಂತ ಲ್ಯಾಂಪ್ ರೂಮಿನ ಮಾತು ಅವನಿಗೆ ಹೆಚ್ಚು. "ನಾನು ದೀಪ ಕೊಡ್ನಿಲ್ಲ ಅಂದ್ರೆ ಸಾವಿರ ಜನ ಕತ್ತಲಲ್ಲೇ ಬಿದ್ದಿರ್ತಾರೆ" ಅಂತ ಬಂದವರಿಗೆಲ್ಲ ಹೇಳೋನು.

ನಿಂತು ಕೆಲಸ ಮಾಡಲು ಉಸಿರು ಸಾಲದಾದಾಗ ಕೆಲಸ ಹೋಯಿತು. ಕೆಲಸದ ಜೊತೆ ಗಣಿಯವರು ಕೊಟ್ಟಿದ್ದ ಉರಿಗಾಂ ಲೈನಿನ ಒಂದು ಕೋಣೆಯ ಮನೆಯೂ ಹೋಯಿತು. ಕೆಮ್ಮುವವನಿಗೆ ಯಾರೂ ಬಾಡಿಗೆಗೆ ಕೊಡಲಿಲ್ಲ. ಮಗಳನ್ನು ಬೇತಮಂಗಲದ ಕಡೆ ಕೊಟ್ಟಿದ್ದೆವು. ಅವಳ ಅತ್ತೆ ಬಾಗಿಲಲ್ಲೇ ನಿಂತು, "ಮಕ್ಕಳಿರೋ ಮನೆ ಕಣಮ್ಮ, ನೀನೇ ಯೋಚ್ನೆ ಮಾಡು" ಅಂದಳು. ಯೋಚನೆ ಮಾಡಿದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ವಾಪಸ್ ಬಂದೆ.

ಆಗ ಗಣಿಯ ಬಿಳಿ ದೊರೆಗಳು ಒಬ್ಬೊಬ್ಬರಾಗಿ ತಮ್ಮ ಸೀಮೆಗೆ ಹೊರಟಿದ್ದ ಕಾಲ. ನಾನು ಬಟ್ಟೆ ಒಗೆಯುತ್ತಿದ್ದ ಬಂಗಲೆಯ ದೊರೆಯೂ ಹೊರಟ. ಕಾರು, ಕುರ್ಚಿ, ಪಿಯಾನೋ ಎಲ್ಲವನ್ನೂ ಯಾರ್ಯಾರೋ ಕೊಂಡುಕೊಂಡರು. ಅವರ ಗೂಡುಗಾಡಿ ಮಾತ್ರ ಉಳಿಯಿತು. ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ ಕೆರೆಯ ದಂಡೆಯಲ್ಲಿ ನಿಲ್ಲಿಸಿ ನಾಲ್ಕು ದಿನ ಇದ್ದು ಬರುತ್ತಿದ್ದ ಗಾಡಿ. ಎರಡು ಚಕ್ರ, ತಗಡಿನ ಮೈ, ಬಾಗಿದ ಸೂರು, ಒಳಗೆ ಎರಡು ಹಲಗೆ ಮಂಚ, ಒಂದು ಗಾಜಿನ ಕಿಟಕಿ. ದೊರೆಸಾನಿ ನನ್ನನ್ನು ಕರೆದು, ಇದು ಬೇಕೇನು ಅಂತ ಕೈಸನ್ನೆಯಲ್ಲಿ ಕೇಳಿದಳು. ಕೋಳಿ ಸಾಕುವುದಕ್ಕೆ ಅಂತ ಅವಳು ಅಂದುಕೊಂಡಿದ್ದಳು. ನಾನು ಹೂಂ ಅಂದೆ.

ಒಂದು ಜೊತೆ ಎತ್ತು ಕಟ್ಟಿ ಎಳೆಸಿಕೊಂಡು ಬಂದು ಬಂಗಾರಪೇಟೆ ರಸ್ತೆಯ ಅಂಚಿನಲ್ಲಿ, ಹುಣಸೆಮರದ ಕೆಳಗೆ ನಿಲ್ಲಿಸಿದೆವು. ರಸ್ತೆ ಅಂಚು ಸರ್ಕಾರದ್ದು, ಯಾರನ್ನೂ ಕೇಳುವ ಹಾಗಿಲ್ಲ ಅಂದುಕೊಂಡಿದ್ದೆ. ಪಕ್ಕದಲ್ಲಿ, ಎರಡು ಮೊಳ ತಗ್ಗಿನಲ್ಲಿ ಒಬ್ಬ ರೈತನ ಹೊಲ. ಹೊಲದ ಮೂಲೆಯಲ್ಲಿ ನಿಲ್ಲಿಸಿಕೊಳ್ಳಲಾ ಅಂತ ಮೊದಲ ದಿನವೇ ಅವನನ್ನು ಕೇಳಿದ್ದೆ. ಬಾವಿ ಹತ್ತಿರ ಇದೆ, ಕೆಮ್ಮಿನ ರೋಗದವರು ಬೇಡ ಅಂದ.

ನಾಲ್ಕನೇ ದಿನ ಪೊಲೀಸ್ ದಫೇದಾರ ಬಂದ. ಸೈಕಲ್ ಇಳಿದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಮೈಸೂರು ಕಡೆಯ ಮನುಷ್ಯ, ಮಾತು ಮೆತ್ತಗೆ.

"ಏನಮ್ಮಾ ಇದು, ಗುಡಿಸಲೋ ಗಾಡಿಯೋ?"

"ಯಾಕೆ ಸ್ವಾಮಿ?"

"ಗುಡಿಸಲಾದ್ರೆ ಸರ್ಕಾರಿ ಜಾಗದಲ್ಲಿ ಕಟ್ಟಿದೀಯ ಅಂತ ಕಿತ್ತಾಕಿಸ್ತೀನಿ."

"ಅಯ್ಯೋ, ಗಾಡಿ ಸ್ವಾಮಿ! ಚಕ್ರ ಕಾಣಾಕಿಲ್ವಾ? ಗಾಡೀನೇ ಇದು."

"ಗಾಡಿ ತಾನೆ? ಸರಿ. ರಸ್ತೆ ಮೇಲಿರೋ ಗಾಡಿಗೆ ಹೊತ್ತು ಮುಳುಗಿದ ಮೇಲೆ ದೀಪ ಉರೀಬೇಕು. ಮುಂದೆ ಎರಡು ಬಿಳಿ, ಹಿಂದೆ ಎರಡು ಕೆಂಪು. ಲಾರಿಗಳು ಓಡಾಡೋ ದಾರಿ ಇದು."

"ಲಾಂದ್ರ ಕಟ್ತೀನಿ."

"ಲಾಂದ್ರ ಎತ್ತಿನ ಗಾಡಿಗೆ. ಎತ್ತಿನ ಗಾಡಿ ಅನ್ನೋದಾದ್ರೆ ಎತ್ತು ಎಲ್ಲಿ, ತೋರಿಸು. ಇದಕ್ಕೆ ಕಂಪನಿಯೋನೇ ಗಾಜು ಕೂರಿಸಿ ದೀಪ ಮಡಗಿದಾನಲ್ಲ, ಅದು ಉರೀಲಿ."

ನನ್ನ ಬಾಯಿಂದಲೇ ಗಾಡಿ ಅಂತ ಹೇಳಿಸಿ ನನ್ನ ಕೊರಳಿಗೇ ಹಗ್ಗ ಹಾಕಿ ಹೋದ. ಕೆಟ್ಟವನೇನಲ್ಲ. ನಾನೂ ಅವನ ಜಾಗದಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆನೋ ಏನೋ.

ಹೊರಗಿನ ನಾಲ್ಕು ದೀಪಗಳಿಗೂ ದೊರೆಯ ಕಾರಿನಿಂದ ಕರೆಂಟು ಬರುತ್ತಿತ್ತು. ಗಾಡಿಯ ಮೂತಿಯಲ್ಲಿ ತಂತಿಗಳ ಒಂದು ಗೊಂಚಲು ಜೋತಾಡುತ್ತಿತ್ತು. ಅದನ್ನು ಕಾರಿನ ಹಿಂಭಾಗಕ್ಕೆ ಸಿಕ್ಕಿಸಬೇಕು. ಕಾರು ಯಾರದೋ ಪಾಲಾಗಿತ್ತು. ಆದರೆ ಗಾಡಿಗೆ ತನ್ನದೇ ಒಂದು ಬ್ಯಾಟರಿ ಇತ್ತು, ಮಂಚದ ಕೆಳಗೆ ಮರದ ಪೆಟ್ಟಿಗೆಯಲ್ಲಿ. ಒಳಗಿನ ಒಂದು ಪುಟ್ಟ ಬಲ್ಬಿಗಾಗಿ ಇಟ್ಟಿದ್ದರು. ದಫೇದಾರ ಹೋದ ಮೇಲೆ ನನ್ನ ಗಂಡ ಗೋಡೆಗೆ ಒರಗಿ ಕೂತ. ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಕಳೆ ಬಂದಿತ್ತು.

"ಬ್ಯಾಟ್ರಿ ಐತೆ, ಬಲ್ಬು ಐತೆ. ಮಧ್ಯ ಒಂದು ತಂತಿ ಬೇಕು, ಅಷ್ಟೇಯ. ನಾನು ಏಳ್ದಂಗೆ ಮಾಡು."

"ನಂಗೆ ಇದೆಲ್ಲ ಏನು ಗೊತ್ತು?"

"ನಂಗೊತ್ತಲ್ಲ. ನೀನು ಕೈ, ನಾನು ತಲೆ."

"ಆ ತಲೆ ಮೊದ್ಲೇ ಇದ್ದಿದ್ರೆ" ಅಂದೆ. ಆದರೂ ಮಾಡಿದೆ.

ತಂತಿ ಒಂದು ಬ್ಯಾಟರಿಯಿಂದ ಹೋದರೆ ಇನ್ನೊಂದು ತಿರುಗಿ ಬರಬೇಕಲ್ಲ, ಎರಡನೆಯದು ಎಲ್ಲಿ ಅಂತ ನಾನು ಹುಡುಕುತ್ತಿದ್ದೆ. ಅವನು ನಕ್ಕು ಕೆಮ್ಮಿದ. "ಗಾಡಿ ಮೈಯೇ ಎರಡ್ನೇ ತಂತಿ ಕಣೆ. ಕಬ್ಬಿಣ ಅಲ್ವಾ? ಬ್ಯಾಟ್ರಿದು ಒಂದು ಕೊನೆ ಗಾಡಿ ಮೈಗೇ ಕಟ್ಟು." ಬಣ್ಣ ಕೆರೆದು, ಕಬ್ಬಿಣ ಹೊಳೆಯುವ ತನಕ ಉಜ್ಜಿ ಅಲ್ಲಿ ಕಟ್ಟಿದೆ. ಮೂತಿಯ ಗೊಂಚಲಿನಲ್ಲಿ ನಾಲ್ಕೈದು ತಂತಿ ಇದ್ದವು, ಯಾವುದು ಯಾವ ದೀಪಕ್ಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಬ್ಯಾಟರಿಯಿಂದ ಒಂದು ಉದ್ದದ ತಂತಿ ಎಳೆದುಕೊಂಡು ಬಂದು ಒಂದೊಂದಕ್ಕೇ ಮುಟ್ಟಿಸಿ ಕಟ್ಟುವುದು, ಓಡಿಹೋಗಿ ಹಿಂದೆ ಮುಂದೆ ನೋಡುವುದು. ಮೊದಲನೆಯದಕ್ಕೆ ಏನೂ ಹತ್ತಲಿಲ್ಲ. ಎರಡನೆಯದಕ್ಕೆ ಹಿಂದಿನ ಕೆಂಪು ಗಾಜುಗಳು ಎರಡೂ ಬೆಳಗಿದವು, ನಿಂಬೆಹಣ್ಣಿನಷ್ಟು ದೊಡ್ಡವು. ನಾನು ರಸ್ತೆಯಲ್ಲಿ ನಿಂತು ಕೂಗಿದೆ.

"ಅತ್ಕೊಂತು! ಇಂದ್ಗಡೆದು ಅತ್ಕೊಂತು!"

ಒಳಗಿನಿಂದ, "ಅದನ್ನ ಬಿಡಬ್ಯಾಡ, ದಾರ ಕಟ್ಟಿ ಗುರುತು ಮಡಗು!" ಅಂತ ಅವನ ದನಿ. ಅಷ್ಟು ಜೋರಾಗಿ ಕೂಗುವ ಉಸಿರು ಅವನಲ್ಲಿ ಇನ್ನೂ ಇದೆ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಅರ್ಧ ಗಂಟೆ ಕೆಮ್ಮಿದ.

ಮುಂದಿನ ಬಿಳಿ ದೀಪಗಳೂ ಸಿಕ್ಕವು. ಆ ಸಂಜೆ ದಫೇದಾರ ಸೈಕಲ್ ನಿಲ್ಲಿಸಿ ನಾಲ್ಕನ್ನೂ ಎಣಿಸಿದ. "ಪರವಾಗಿಲ್ವೇ, ಮದುವೆ ಮನೆ ಆಗೋಯ್ತು" ಅಂದು ಹೋದ.

ಆದರೆ ಬ್ಯಾಟರಿ ಬರಿದಾಗುತ್ತದೆ. ಒಳಗಿನ ಒಂದು ಬಲ್ಬಿಗೆ ಇಟ್ಟಿದ್ದು ಹೊರಗಿನ ನಾಲ್ಕನ್ನು ಎಷ್ಟು ದಿನ ಎಳೆದೀತು? ಒಂದು ದಿನ ಬಿಟ್ಟು ಒಂದು ದಿನ ಚಾರ್ಜು ಮಾಡಿಸಬೇಕು. ಬಂಗಾರಪೇಟೆಯಲ್ಲಿ ರೇಡಿಯೋ ಬ್ಯಾಟರಿ, ಕಾರಿನ ಬ್ಯಾಟರಿ ಚಾರ್ಜು ಮಾಡುವ ಒಬ್ಬ ಸಾಬರು ಇದ್ದರು. ಬೆಳಿಗ್ಗೆ ಹೋಟೆಲಿಗೆ ಹೋಗುವಾಗ ಅವರ ಅಂಗಡಿಯಲ್ಲಿ ಇಳಿಸಿ, ರುಬ್ಬುವ ಕೆಲಸ ಮುಗಿಸಿ, ಸಂಜೆ ಮತ್ತೆ ಹೊತ್ತುಕೊಂಡು ಬರುತ್ತಿದ್ದೆ. ಎರಡು ಮೈಲಿ ಹೋಗುವುದು, ಎರಡು ಮೈಲಿ ಬರುವುದು. ಸೂರ್ಯ ಇಳಿಯುವ ಮುಂಚೆ ತಲುಪಿ ತಂತಿ ಕಟ್ಟಬೇಕು. ದಾರಿಯುದ್ದಕ್ಕೂ ನಾನು ಸೂರ್ಯನನ್ನೇ ನೋಡಿಕೊಂಡು ಬರುತ್ತಿದ್ದೆ. ತಲೆಯ ಮೇಲೆ ಆಸಿಡ್ ಇದ್ದಾಗ ಓಡುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ಮೊಣಕಾಲು ಮಡಿಸದೆ ಜಾರಿದ ಹಾಗೆ ನಡೆಯುವುದನ್ನು ಕಲಿತೆ.

ಒಂದು ಸಂಜೆ ಸಾಬರ ಅಂಗಡಿಯಲ್ಲಿ ತಡವಾಯಿತು. ನಾನು ಬರುವಷ್ಟರಲ್ಲಿ ಮಬ್ಬಾಗಿತ್ತು, ಗಾಡಿ ಕಪ್ಪಗೆ ನಿಂತಿತ್ತು. ಕಡಲೆಕಾಯಿ ಮೂಟೆಯ ಲಾರಿಯೊಂದು ಹಿಂದಿನ ಮೂಲೆಗೆ ಉಜ್ಜಿಕೊಂಡು ಹೋಗಿ ತಗಡು ಸೀಳಿತ್ತು. ಒಳಗೆ ನನ್ನ ಗಂಡ ಮಂಚದಿಂದ ಬಿದ್ದು ನೆಲದಲ್ಲೇ ಇದ್ದ. ಮಾರನೆಯ ದಿನ ದಫೇದಾರ ಸೀಳಿನೊಳಗೆ ಬೆರಳು ಹಾಕಿ ನೋಡಿದ. ಈ ಸಲ ಮಾತಿನಲ್ಲಿ ತಮಾಷೆ ಇರಲಿಲ್ಲ.

"ನೋಡಮ್ಮ, ಯಾರಾದ್ರೂ ಸತ್ತರೆ ನನ್ನ ತಲೆ ಹೋಗುತ್ತೆ. ಇನ್ನೊಂದು ಸಂಜೆ ಇದು ಕತ್ತಲಲ್ಲಿ ನಿಂತಿದ್ದು ಕಂಡ್ರೆ, ಬೆಳಿಗ್ಗೆ ಎತ್ತು ತರ್ಸಿ ಸ್ಟೇಷನ್ ಅಂಗಳಕ್ಕೆ ಎಳೆಸ್ಕೊಂಡು ಹೋಗ್ತೀನಿ. ನಿಮ್ಮ ಯಜಮಾನರನ್ನ ಎಲ್ಲಿ ಮಲಗಿಸ್ತೀಯೋ ನಿನಗೆ ಬಿಟ್ಟಿದ್ದು."

ಎಲ್ಲಿ ಮಲಗಿಸುವುದು? ಹುಣಸೆಮರವನ್ನು ನೋಡಿದೆ. ಮಳೆ ಶುರುವಾಗುವುದರಲ್ಲಿತ್ತು.

ಅದಾದ ಮೇಲೆ ಎರಡು ವಾರ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಸಾಬರು ಒಂದು ಸೀಸೆಯಲ್ಲಿ ಬ್ಯಾಟರಿ ನೀರು ಕೊಟ್ಟಿದ್ದರು. ಹಳೇ ಬ್ಯಾಟರಿ, ತಗಡಿನ ಬಿಸಿಗೆ ಒಳಗಿನ ನೀರು ಬೇಗ ಆರುತ್ತದೆ, ಒಳಗೆ ಸಾಲಾಗಿ ನಿಲ್ಲಿಸಿದ ಸೀಸದ ತಟ್ಟೆಗಳು ಮುಳುಗುವಷ್ಟು ಹಾಕುತ್ತಾ ಇರು ಅಂದಿದ್ದರು. ಇದೇ ನೀರು, ಬಾವಿ ನೀರು ಹಾಕಬೇಡ ಅಂತಲೂ ಹೇಳಿದ್ದರು. ಸೀಸೆ ಖಾಲಿಯಾಯಿತು. ಇನ್ನೊಂದು ತರಬೇಕು ಅಂದುಕೊಂಡಿದ್ದೆ, ಹಿಟ್ಟಿನ ಕೆಲಸದಲ್ಲಿ ಮರೆತೆ.

ಶುಕ್ರವಾರ. ಮಧ್ಯಾಹ್ನ ಬೇಗ ಬಂದಿದ್ದೆ. ಹಿಂದಿನ ದಿನ ಚಾರ್ಜಾದ ಬ್ಯಾಟರಿ, ಆ ಸಂಜೆಗೆ ಯೋಚನೆ ಇರಲಿಲ್ಲ. ಸುಮ್ಮನೆ ಮುಚ್ಚಳ ಬಿಚ್ಚಿ ನೋಡಿದೆ. ತಟ್ಟೆಗಳು ಒಣಗಿ ಮೇಲೆ ಎದ್ದು ಕಾಣುತ್ತಿದ್ದವು. ಗಂಡನಿಗೆ ಹೇಳಿದೆ.

"ಇವತ್ತು ಸುಕ್ರವಾರ, ಸಾಬ್ರು ಅಂಗಡಿ ಮುಚ್ಚಿರ್ತಾರೆ. ನಾಳೆ ತಂದರಾಯ್ತಲ್ವಾ?"

"ಒಣಗಿದ ಬ್ಯಾಟ್ರಿ ಸಂಜೆಗಂಟ ತಡೆಯಾಕಿಲ್ಲ. ಮೂಲೇಲಿ ನನ್ ಸೀಸೆ ಐತಲ್ಲ, ಅದನ್ನ ಉಯ್ಯಿ."

ಅವನ ಸೀಸೆ ಅಂದರೆ ಚೌಳು ನೀರು. ಲ್ಯಾಂಪ್ ರೂಮಿನ ಕೆಲಸ ಬಿಟ್ಟ ದಿನ ಅಲ್ಲಿಯವರು ಜಿಡ್ಡಿನ ಪಾತ್ರೆ ಉಜ್ಜುವುದಕ್ಕೆ ಆಗುತ್ತದೆ ಅಂತ ಕೊಟ್ಟಿದ್ದರು. ನನಗೆ ಪಾತ್ರೆಗೆ ಮುಟ್ಟಲೂ ಬಿಟ್ಟಿರಲಿಲ್ಲ. ತೀರ್ಥದ ಹಾಗೆ ಮೂಲೆಯಲ್ಲಿ ಇಟ್ಟುಕೊಂಡಿದ್ದ.

"ಸಾಬ್ರು ಅವರ ನೀರೇ ಆಕು ಅಂದವ್ರೆ."

"ಸಾಬ್ರು ದಿನಕ್ಕೆ ಎಷ್ಟು ಬ್ಯಾಟ್ರಿ ನೋಡ್ತಾರೆ? ನಾಲ್ಕು? ನಾನು ಇನ್ನೂರು ನೋಡ್ತಿದ್ದೆ. ಒಂಬತ್ತು ವರ್ಸ! ಬ್ಯಾಟ್ರಿ ಬಾಯಿಗೆ ಏನು ಉಯ್ಬೇಕು ಅಂತ ನಂಗೆ ಏಳ್ಕೊಡ್ತೀಯಾ? ಬರೇ ನೀರು ಆಕಿದ್ರೆ ಸಪ್ಪಗಾಯ್ತದೆ. ಇದು ಗಟ್ಟಿ ನೀರು. ದಿನ ಬಿಟ್ಟು ದಿನ ಒರೋದು ತಪ್ತದೆ ಕಣೆ, ನಾಕು ದಿನ ಬತ್ತದೆ."

ನಾಲ್ಕು ದಿನ ಬರುತ್ತದೆ ಅನ್ನುವ ಮಾತಿಗೆ ನಾನು ಬಿದ್ದೆ. ಅವನ ಮೇಲೆ ನಂಬಿಕೆ ಇತ್ತು ಅಂತಲ್ಲ. ನನ್ನ ಕತ್ತು ನೋಯುತ್ತಿತ್ತು.

ಮೊದಲ ಬಾಯಿಗೆ ಹೊಯ್ದೆ. ಬಿಸಿ ಬಾಣಲೆಗೆ ನೀರು ಬಿದ್ದ ಹಾಗೆ ಚುಂಯ್ ಅಂತು. ಕೊತಕೊತ ಕುದಿದು ಮೇಲಕ್ಕೆ ಉಗುಳಿತು. ಮುಂಗೈಗೆ ಬಿತ್ತು. "ಕುದೀತೈತೆ!" ಅಂದೆ. "ಕುದೀಲಿ, ಸಕ್ತಿ ಬತ್ತೈತೆ, ಮಿಕ್ಕಿದ್ದಕ್ಕೂ ಆಕು" ಅಂದ. ಹಾಕಿದೆ, ಇದ್ದಷ್ಟು ಬಾಯಿಗೂ ಹಾಕಿದೆ. ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿಯಾಯಿತು. ಹೊಗೆ ಎದ್ದು ಗಂಡ ಕೆಮ್ಮಿ ಕೆಮ್ಮಿ ನೀಲಿಯಾದ. ಕಿಟಕಿ ತೆಗೆದು, ಬ್ಯಾಟರಿಯನ್ನು ಹೊರಗೆಳೆದು, ತಣ್ಣಗಾದ ಮೇಲೆ ತಂತಿ ಮುಟ್ಟಿಸಿದೆ. ಕೆಂಪು ಗಾಜು ಕೆಂಪಾಗಲಿಲ್ಲ. ಬಿಳಿಯದೂ ಇಲ್ಲ. ಬಣ್ಣ ಕೆರೆದ ಜಾಗವನ್ನು ಮತ್ತೆ ಉಜ್ಜಿದೆ, ಎಲ್ಲ ಕಟ್ಟುಗಳನ್ನೂ ಬಿಚ್ಚಿ ಕಟ್ಟಿದೆ. ಏನೂ ಇಲ್ಲ.

"ಸ್ವಲ್ಪ ವೊತ್ತು ಬಿಡು, ಇಡ್ಕೊತದೆ" ಅಂದ ಅವನು.

ನಾನು ಬಿಡಲಿಲ್ಲ. ಹೊತ್ತುಕೊಂಡು ಬಂಗಾರಪೇಟೆಗೆ ನಡೆದೆ. ಅಂಗಡಿ ಮುಚ್ಚಿತ್ತು. ಮನೆ ಕೇಳಿಕೊಂಡು ಹೋದೆ. ನಮಾಜು ಮುಗಿಸಿ, ಊಟ ಮುಗಿಸಿ ಕೂತಿದ್ದ ಸಾಬರು ಎದ್ದು ಬಂದರು. ಮುಚ್ಚಳ ತೆಗೆದು ಮೂಸಿದರು. ಗಾಜಿನ ಕೊಳವೆ ಇಳಿಸಿ ಎತ್ತಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಏನು ಹಾಕಿದಿಯಮ್ಮ ಇದಕ್ಕೆ?"

"ಲ್ಯಾಂಪ್ ರೂಮಿನ ಚೌಳು ನೀರು."

"ಯಾ ಅಲ್ಲಾ! ಗಣಿ ದೀಪದ ಬ್ಯಾಟ್ರಿ ಬೇರೆ, ಇದು ಬೇರೆ ಅಮ್ಮ. ಅದಕ್ಕೆ ಚೌಳು, ಇದಕ್ಕೆ ಆಸಿಡ್. ಎರಡೂ ಹಾವು ಮುಂಗುಸಿ ಇದ್ದಂಗೆ. ಒಂದನ್ನೊಂದು ತಿಂದ್ಕೊಂಡ್ವು. ಸತ್ತೋಯ್ತು ಇದು."

"ತೊಳೆದು ಬೇರೆ ಆಸಿಡ್ ತುಂಬಿದ್ರೆ?"

"ಒಂದು ವಾರ ಕೊಡು, ನೋಡ್ತೀನಿ. ಆಸೆ ಇಟ್ಕೋಬೇಡ."

ಒಂದು ವಾರ. ನನ್ನ ಹತ್ತಿರ ಎರಡೂವರೆ ಗಂಟೆ ಇತ್ತು. ಬೇರೆ ಬ್ಯಾಟರಿ ಒಂದು ದಿನಕ್ಕೆ ಕೊಡಿ ಅಂತ ಕೇಳಿದೆ. ಅಂಗಡಿಯಲ್ಲಿರುವುದೆಲ್ಲ ಗಿರಾಕಿಗಳದ್ದು, ಕೊಟ್ಟರೆ ನಾಳೆ ನನ್ನ ಮುಖಕ್ಕೆ ಉಗಿಯುತ್ತಾರೆ ಅಂದರು. ಕಾಲು ಹಿಡಿಯಲು ಬಗ್ಗಿದೆ. ಅವರು ಹಿಂದೆ ಸರಿದು ಒಳಗೆ ಹೋಗಿಬಿಟ್ಟರು. ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದೆ. ಅವರ ಹೆಂಡತಿ ಒಂದು ಲೋಟ ನೀರು ಕೊಟ್ಟಳು, ಕುಡಿದೆ. ಬ್ಯಾಟರಿಯನ್ನು ಅಲ್ಲೇ ಬಿಟ್ಟು ಎದ್ದೆ.

ಹೊತ್ತುಕೊಂಡು ಹೋದ ಬ್ಯಾಟರಿ ಇಲ್ಲದೆ ಬರಿದಲೆಯಲ್ಲಿ ವಾಪಸ್ ನಡೆದದ್ದು ಅದೇ ಮೊದಲು. ಅಷ್ಟು ಭಾರ ಹೊತ್ತಾಗಲೂ ಕಾಲು ಹಾಗೆ ಎಳೆದಿರಲಿಲ್ಲ. ಸತ್ತುಹೋಗಲಿ ಅಂತ ಅನ್ನಿಸಿತು. ಅವನೋ ನಾನೋ, ಯಾರಾದರೂ ಸರಿ, ಈ ಸಂಜೆಯೊಳಗೆ. ಲಾರಿ ಎದುರು ಬಂದಾಗ ಬದಿಗೆ ಸರಿಯುವುದಕ್ಕೆ ಒಂದು ಕ್ಷಣ ತಡ ಮಾಡಿದೆ. ಡ್ರೈವರು ತಮಿಳಿನಲ್ಲಿ ನನ್ನ ತಾಯಿಯನ್ನೆಲ್ಲ ಬೈದುಕೊಂಡು ಹೋದ. "ರೋಡು ನಿಮ್ಮಪ್ಪನ ಮನೇದಾ?" ಅಂತ ಕೊನೆಗೆ ಕನ್ನಡದಲ್ಲೂ ಬೈದ.

ಅಲ್ಲ, ರೋಡು ನಮ್ಮಪ್ಪನದಲ್ಲ. ದಫೇದಾರನದು. ಗಾಡಿ ರೋಡಿನ ಮೇಲೆ ಇದೆ, ಅದಕ್ಕೇ ದೀಪ. ಎರಡು ತಿಂಗಳಿಂದ ದೀಪ, ದೀಪ, ತಂತಿ, ಬ್ಯಾಟರಿ ಅಂತ ತಲೆ ಕೆಡಿಸಿಕೊಂಡಿದ್ದೆ. ರೋಡಿನ ಮೇಲೆ ಇಲ್ಲದಿದ್ದರೆ?

ಹೊಲದವನು ಬೇಡ ಅಂದಿದ್ದ. ಮತ್ತೆ ಕೇಳಿದರೂ ಬೇಡ ಅನ್ನುತ್ತಾನೆ. ಹಾಗಾದರೆ ಕೇಳಬಾರದು.

ಗಾಡಿಯ ಹತ್ತಿರ ಬರುವಾಗ ಹೊತ್ತು ಹುಣಸೆಮರದ ಕೆಳಗಿಳಿದಿತ್ತು. ಕೂಲಿ ಮುಗಿಸಿಕೊಂಡು ಏಳೆಂಟು ಹೆಂಗಸರು ಕುಡುಗೋಲು ಹಿಡಿದು ಬರುತ್ತಿದ್ದರು. ದಿನಾ ನೋಡುವ ಮುಖಗಳೇ. ಅಡ್ಡ ನಿಂತೆ.

"ಅಕ್ಕಯ್ಯಾ, ಒಸಿ ಕೈ ಆಕ್ರಮ್ಮ. ಈ ಗಾಡೀನ ಒಲಕ್ಕೆ ತಳ್ಬೇಕು."

"ಯಾವ ಒಲಕ್ಕೆ? ಈ ಒಲಕ್ಕಾ? ಆವಯ್ಯ ಒಪ್ಕೊಂಡನಾ?"

"ಇಲ್ಲ."

ಅವರಲ್ಲಿ ಎತ್ತರದವಳೊಬ್ಬಳು, ಆಂಧ್ರದ ಗಡಿಯ ಕಡೆಯವಳು, ಸೊಂಟದ ಮೇಲೆ ಕೈ ಇಟ್ಟು ನಕ್ಕಳು. "ಅಬ್ಬಾ ಎಂತ ಹೆಂಗಸೇ ನೀನು! ಗಾಡೀನ ಕೆಳಕ್ಕೆ ತಳ್ಳಿದ್ರೆ ಮ್ಯಾಲಕ್ಕೆ ಎಳಿಯೋರು ಯಾರು?"

"ಅದೇ ಬೇಕಾಗಿರೋದು. ಯಾರ ಕೈಲೂ ಎಳಿಯಾಕ್ ಆಗ್ಬಾರ್ದು."

ಅವಳು ಹೊಲ ನೋಡಿದಳು. ಹಿಂದಿನ ದಿನ ಬಿದ್ದ ಮಳೆಗೆ ಉತ್ತ ಮಣ್ಣು ಹಿಟ್ಟಿನ ಹಾಗೆ ಉಬ್ಬಿತ್ತು. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿನ್ ಗಂಡ ಒಳಗವನಾ?"

"ಅವ್ನೆ. ಇಳಿಸಿದ್ರೆ ಮತ್ತೆ ಅತ್ತಿಸೋರಿಲ್ಲ. ಅವನ ಸಮೇತ ತಳ್ಳಿ."

ಒಳಗೆ ಹೋಗಿ ಹಳೇ ಸೀರೆಯಿಂದ ಅವನನ್ನು ಮಂಚಕ್ಕೆ ಕಟ್ಟಿದೆ. "ಏನ್ಮಾಡ್ತಿದ್ದೀಯೇ? ಬ್ಯಾಟ್ರಿ ಎಲ್ಲಿ? ಸಾಬ್ರು ಏನಂದ್ರು?" ಅಂತ ಕೇಳುತ್ತಲೇ ಇದ್ದ. ನಾನು ಹೊರಗೆ ಬಂದೆ. ಚಕ್ರಕ್ಕೆ ಕೊಟ್ಟಿದ್ದ ಕಲ್ಲುಗಳನ್ನು ಒದ್ದು ತೆಗೆದೆ. ನಾನು ಮೂತಿ ಹಿಡಿದು ಹೊಲದ ಕಡೆ ತಿರುಗಿಸಿದೆ, ಅವರು ಹಿಂದಿನಿಂದ ಭುಜ ಕೊಟ್ಟರು. ಐಲೇಸಾ ಅಂದರೆ ಗಾಡಿ ಅಲ್ಲಾಡುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಎತ್ತರದವಳು ಬೈಯಲು ಶುರು ಮಾಡಿದಳು. ದೊರೆಯನ್ನು ಬೈದಳು, ಗಣಿಯನ್ನು ಬೈದಳು, ಗಂಡಸು ಜಾತಿಯನ್ನೇ ಬೈದಳು. ಆ ಬೈಗುಳಕ್ಕೆ ಎಲ್ಲರಿಗೂ ನಗು ಬಂದು, ನಗುವಿನಲ್ಲೇ ಗಾಡಿ ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ನಾನು ಮೂತಿ ಬಿಟ್ಟು ಪಕ್ಕಕ್ಕೆ ಹಾರಿದೆ. ದಿಬ್ಬ ಇಳಿದು, ಒಮ್ಮೆ ಎಗರಿ, ಹೊಲದೊಳಗೆ ನಾಲ್ಕು ಮಾರು ಹೋಗಿ ಒಂದು ಚಕ್ರ ನಡುವಿನ ಗುಂಬದ ತನಕ ಹೂತು ವಾಲಿ ನಿಂತಿತು. ಒಳಗೆ ಪಾತ್ರೆಗಳೆಲ್ಲ ಉರುಳಿದ ಸದ್ದು.

ಓಡಿಹೋಗಿ ಬಾಗಿಲು ಎಳೆದೆ. ಸೀರೆಯ ಕಟ್ಟಿನಲ್ಲಿ ಜೋತುಕೊಂಡು ಅವನು ನನ್ನನ್ನೇ ನೋಡುತ್ತಿದ್ದ. ಮೊದಲ ಮಾತು ಅದೇ.

"ಬ್ಯಾಟ್ರಿ ಇಡ್ಕೊಂತಾ?"

ನನ್ನ ಹಿಂದೆ ಎಂಟು ಹೆಂಗಸರು ನಿಂತಿದ್ದರು. ನಾನು ಹೇಳಬಾರದಾಗಿತ್ತು ಅಂತ ಕೆಲವರು ಆಮೇಲೆ ಹೇಳಿದರು.

"ಸತ್ತೋಯ್ತು ನಿನ್ ಬ್ಯಾಟ್ರಿ. ನೀನು ಉಯ್ಸಿದ್ದು ಇಸ. ಗಣಿ ಬ್ಯಾಟ್ರಿ ಬೇರೆ ಅಂತೆ, ಇದು ಬೇರೆ ಅಂತೆ. ಒಂಬತ್ತು ವರ್ಸ ಒಂಬತ್ತು ವರ್ಸ ಅಂತ ಬಡ್ಕೊಂಡು ಇದ್ದೊಂದು ಸೂರಿಗೂ ಮಣ್ಣಾಕಿದೆ!"

ಅವನು ಬಾಯಿ ಮುಚ್ಚಿದ. ಹೆಂಗಸರು ಒಬ್ಬೊಬ್ಬರಾಗಿ ಜಾರಿಕೊಂಡರು.

ಮಬ್ಬಿನಲ್ಲಿ ದಫೇದಾರ ಬಂದ. ಮರದ ಕೆಳಗೆ ಖಾಲಿ ಜಾಗ ನೋಡಿದ, ಆಮೇಲೆ ಹೊಲ ನೋಡಿದ. ಸೈಕಲ್ ಮೇಲಿಂದ ಇಳಿಯಲಿಲ್ಲ.

"ಏನಮ್ಮಾ ಇದು?"

"ಗುಡಿಸಲು ಸ್ವಾಮಿ" ಅಂದೆ. "ಇವತ್ತಿಂದ ಗುಡಿಸಲು. ರೋಡಿನ ಮೇಲಿಲ್ಲ."

"ಹೊಲದೋನು ನನ್ನ ಹತ್ರ ಬಂದರೆ ನಾನು ಕೇಳ್ಬೇಕಾಗುತ್ತೆ" ಅಂದ. "ಬರದಿದ್ದರೆ ನಾನೇನೂ ಕಂಡಿಲ್ಲ."

ಹೊಲದವನು ಬೆಳಿಗ್ಗೆ ಬಂದ. ಅವನು ಕಿರುಚಿದ ಮಾತು ಬರೆಯುವ ಹಾಗಿಲ್ಲ. ನನ್ನ ಕೂದಲಿಗೆ ಕೈ ಹಾಕುತ್ತಾನೆ ಅಂದುಕೊಂಡೆ. ಎರಡು ಜೊತೆ ಎತ್ತು ಕಟ್ಟಿ ಎಳೆಸಿದ. ಎತ್ತುಗಳು ಮಂಡಿಯೂರಿದವು, ಹಗ್ಗ ಕಿತ್ತಿತು. ಎರಡು ಚಕ್ರಗಳನ್ನು ಸೇರಿಸುವ ಕೆಳಗಿನ ಇರಸು ಬಾಗಿ ಚಕ್ರ ಒಳಗೆ ಮಡಚಿಕೊಂಡಿತ್ತು. ಬೆವರು ಒರೆಸಿಕೊಂಡು ಬಾಗಿಲೊಳಗೆ ತಲೆ ಹಾಕಿದ, ಬಯ್ಯುವುದಕ್ಕೇ. ನನ್ನ ಗಂಡ ಅವನನ್ನು ನೋಡಿ ಎರಡು ಕೈ ಎತ್ತಿ ಮುಗಿದ. ಉಸಿರಿಗೆ ಪಕ್ಕೆಲುಬು ಒಳಗೆ ಹೋಗಿ ಬರುತ್ತಿತ್ತು. ಹೊಲದವನು ತಲೆಯನ್ನು ಹೊರಗೆ ತೆಗೆದುಕೊಂಡ.

"ಬಾವಿಗೆ ಬಿಂದಿಗೆ ಇಳಿಸ್ಬ್ಯಾಡ. ನೀರು ಬೇಕಾದ್ರೆ ಕೂಗು, ನಮ್ಮೋಳು ಸೇದಿ ಕೊಡ್ತಾಳೆ" ಅಂದ. ಆಮೇಲೆ ಗಾಡಿಯನ್ನು ಬಳಸಿಕೊಂಡು ಉಳುಮೆ ಮಾಡಿ ರಾಗಿ ಚೆಲ್ಲಿದ.

ಗಾಡಿ ವಾಲಿದ್ದರಿಂದ ಮಂಚದ ತಲೆ ಕಡೆ ಎತ್ತರವಾಗಿತ್ತು. ಹಾಗೆ ಮಲಗಿದರೆ ಅವನಿಗೆ ಉಸಿರಾಟ ಸ್ವಲ್ಪ ಹಗುರವಾಯಿತು. ಮೊದಲೇ ವಾಲಿಸಬಹುದಿತ್ತು ಅಂತ ನನಗೆ ಅನ್ನಿಸಿತು. ಆದರೆ ಲ್ಯಾಂಪ್ ರೂಮಿನ ಮಾತು ಅವನು ಮತ್ತೆ ಆಡಲಿಲ್ಲ. ನೋಡಲು ಬಂದ ಹಳೇ ಜೊತೆಗಾರರೇ ಆ ಮಾತು ತೆಗೆದರೂ ಗೋಡೆ ಕಡೆ ತಿರುಗುತ್ತಿದ್ದ. ನಾನು ಅವನ ಬಾಯಿಂದ ಅದನ್ನು ಕಿತ್ತುಕೊಂಡೆ. ನನಗೆ ಅದು ಗೊತ್ತಿದೆ. ವಾಪಸ್ ಕೊಡುವ ದಾರಿ ಮಾತ್ರ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಕೇಳಿದ.

"ಬರೇ ನೀರು ಆಕ್ಬೇಕಾಗಿತ್ತಾ?"

"ಊಂ. ಬರೇ ನೀರು."

"ಅಷ್ಟೇನಾ!"

"ಅಷ್ಟೇ."

"ಸಪ್ಪಗಾಯ್ತದೆ ಅಂದ್ಕೊಂಡೆ" ಅಂದ. ಇನ್ನೊಂದು ಗುಟುಕು ಕುಡಿದ.

ಆರು ವಾರ ಆ ಹೊಲದಲ್ಲಿ ಇದ್ದೆವು. ಅದರಲ್ಲಿ ನಾಲ್ಕು ವಾರ ಬಿಡದೆ ಮಳೆ. ಲಾರಿ ಸೀಳಿದ ಮೂಲೆಗೆ ಗೋಣಿ ತುರುಕಿದ್ದೆ, ಅಲ್ಲಿಂದ ಮಾತ್ರ ಸ್ವಲ್ಪ ಸೋರುತ್ತಿತ್ತು. ಒಂದು ಬೆಳಿಗ್ಗೆ ನಾನು ಒಲೆ ಊದುತ್ತಿದ್ದಾಗ ಅವನ ಉಸಿರಿನ ಸದ್ದು ನಿಂತಿತು. ಅಷ್ಟು ವರ್ಷ ಕೇಳಿದ ಸದ್ದು ನಿಂತ ಮೇಲೆ, ತಗಡಿನ ಮೇಲೆ ಮಳೆ ಬೀಳುತ್ತಿರುವುದು ಕೇಳಿಸಿತು. ಒಲೆ ಆರಿಸಿದೆ. ಹೋಗಿ ಮುಟ್ಟಿ ನೋಡಿದೆ. ಮೈ ಒಣಗಿತ್ತು, ಬೆಚ್ಚಗಿತ್ತು. ಒಂದು ಹನಿಯೂ ಅವನ ಮೇಲೆ ಬಿದ್ದಿರಲಿಲ್ಲ.